ಡಿಸ್ಕಿಗೊಂದು ಅಣಕು ಸಾವು

‘ಎರಡು ಡಿಸ್ಕ್ ಹಾಕ್ಸೀವಿ ಸರ್. ಒಂದು ಹೋದ್ರೆ ಇನ್ನೊಂದು ಐತಿ, ಏನೂ ಆಗಲ್ಲ ಬಿಡ್ರಿ.’

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ ಎಪಿಎಂಸಿ ಅಂಗಳದಲ್ಲಾಗಲಿ ಲೆಕ್ಕದ ಕಂಪ್ಯೂಟರಿನ ಮಾತು ತೆಗೆದರೆ ಸಿಗುವ ಉತ್ತರ ಇದು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ‘ಇನ್ನೊಂದು’ ಒಂಟಿಯಾಗಿ ಕೆಲಸ ಮಾಡಿದ್ದನ್ನು ಎಂದಾದರೂ ನೋಡಿದ್ದೀರಾ ಎಂದು ಕೇಳಿ. ಮಾತು ಅಲ್ಲಿಗೆ ನಿಂತು, ಚಹಾ ಬರುತ್ತದೆ.

ಈ ಪ್ರಶ್ನೆಗೆ ತೂಕ ಕೊಟ್ಟಿರುವುದು ಕಾನೂನು. ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರ ಕಾಪಾಡಬೇಕು ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 36ನೇ ಕಲಂ. 2023-24ರ ವಾರ್ಷಿಕ ರಿಟರ್ನಿಗೆ ಗಡುವು ಇದ್ದದ್ದು 2024ರ ಡಿಸೆಂಬರ್ 31. ಅಂದರೆ 2023ರ ಏಪ್ರಿಲ್‌ನಲ್ಲಿ ಹರಿದ ಒಂದು ಮೆಕ್ಕೆಜೋಳದ ಬಿಲ್ಲು 2030ರ ಕೊನೆಯವರೆಗೂ ಬದುಕಿರಬೇಕು, ಹೆಚ್ಚುಕಡಿಮೆ ಏಳೂಮುಕ್ಕಾಲು ವರ್ಷ. ಆ ಬಿಲ್ಲನ್ನು ಹೊತ್ತಿರುವ ಡಿಸ್ಕಿಗೆ ತಯಾರಕರು ಕೊಡುವ ವಾರಂಟಿ ಎರಡರಿಂದ ಐದು ವರ್ಷ. ಡಿಸ್ಕ್ ಸಾಯುವುದು ಅಪಘಾತವಲ್ಲ, ಲೆಕ್ಕದೊಳಗೇ ಇರುವ ಬಾಬತ್ತು.

ಹೊಲದ ಕಾಗದದ ವಿಷಯದಲ್ಲಿ, ದಾಖಲೆ ಡಿಸ್ಕನ್ನೇ ನಂಬಿ ಬದುಕುವುದನ್ನು ನಾವು ಎರಡು ದಶಕಗಳ ಹಿಂದೆಯೇ ಕಂಡಿದ್ದೇವೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು ಕಂಪ್ಯೂಟರಿಗೆ ಹೋದವು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲೂ ಕೆಲಸ ಮುಗಿದು, ಶಾನುಭೋಗರ ಕಾಲದಿಂದ ಬಂದಿದ್ದ ಕೈಬರಹದ ಪಹಣಿ ಚಲಾವಣೆಯಿಂದ ಹೊರಬಿತ್ತು. ಆ ಮೊದಲ ವರ್ಷಗಳಲ್ಲಿ ದಾಖಲೆ ಇದ್ದದ್ದು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಕೋಣೆಯ ಸರ್ವರಿನಲ್ಲಿ. ಕಾಗದಕ್ಕೆ ಬೆಲೆ ಹೋದ ದಿನದಿಂದ ಆ ಕೋಣೆಯ ಡಿಸ್ಕಿನಲ್ಲಿ ಇದ್ದದ್ದೇ ಹೊಲದ ಸಾಕ್ಷಿ. ಸರಕಾರಕ್ಕೆ ಡೇಟಾ ಸೆಂಟರ್ ಇದೆ, ಅದನ್ನು ನೋಡಿಕೊಳ್ಳುವ ಜನ ಇದ್ದಾರೆ. ಮಂಡಿಯ ವರ್ತಕರಿಗೆ, ನರ್ಸಿಂಗ್ ಹೋಮಿಗೆ, ಆಡಿಟರ್ ಕಚೇರಿಗೆ ಇರುವುದು ಎರಡು ಡಿಸ್ಕು, ಮತ್ತು ಫೋನ್ ಮಾಡಿದರೆ ಬರುವ ಒಬ್ಬ ಹುಡುಗ.

ಆ ಎರಡು ಡಿಸ್ಕುಗಳನ್ನು ಜೋಡಿಸುವ ಮಿರರ್ ಎಂಬ ಏರ್ಪಾಡು ಸರಳ. ಕಂಪ್ಯೂಟರ್ ಏನೇ ಬರೆದರೂ ಅದು ಎರಡು ಡಿಸ್ಕಿಗೂ, ಅದೇ ಜಾಗದಲ್ಲಿ ಬೀಳುತ್ತದೆ. ಓದುವಾಗ ಯಾವುದು ಬಿಡುವಾಗಿದೆಯೋ ಅದರಿಂದ ಓದುತ್ತದೆ. ಎರಡು ಟಿಬಿಯ ಎರಡು ಡಿಸ್ಕ್ ಹಾಕಿದರೆ ಸಿಗುವ ಜಾಗ ಎರಡೇ ಟಿಬಿ, ಉಳಿದದ್ದು ವಿಮೆಯ ಕಂತು.

ಜೋಡಿ ಎಂದ ಕೂಡಲೇ ಹರಿಹರದವರಿಗೆ ನೆನಪಾಗುವ ಮೂರ್ತಿ ಒಂದಿದೆ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯದು. ಆದರೆ ಅದು ಮಿರರ್ ಅಲ್ಲ. ಒಂದು ಪಕ್ಕ ಹರ, ಒಂದು ಪಕ್ಕ ಹರಿ, ಕೂಡಿದರೇ ಪೂರ್ಣ. ಡಿಸ್ಕಿನಲ್ಲೂ ಆ ಬಗೆಯ ಜೋಡಣೆ ಉಂಟು, ‘ಸ್ಟ್ರೈಪ್’ ಅಥವಾ ರೇಡ್ ಸೊನ್ನೆ ಎನ್ನುತ್ತಾರೆ. ಅರ್ಧ ಮಾಹಿತಿ ಇಲ್ಲಿ, ಅರ್ಧ ಅಲ್ಲಿ. ವೇಗವೂ ಜಾಗವೂ ಎರಡು ಪಟ್ಟು, ಆದರೆ ಒಂದು ಡಿಸ್ಕ್ ಹೋದರೆ ಎರಡರದ್ದೂ ಹೋಯಿತು. ಕಾಪಾಡುವ ಜೋಡಿ, ಅಂದರೆ ಮಿರರ್, ರೇಡ್ ಒಂದು. ಪೆಟ್ಟಿಗೆಯ ಮೇಲೆ ‘ರೇಡ್’ ಎಂದಿದೆ ಎಂದು ಸುಮ್ಮನಾದರೆ ಸಾಲದು, ಯಾವ ಅಂಕಿ ಎಂದು ಕೇಳಬೇಕು. ಜಾಗ ಎರಡು ಪಟ್ಟು ಕಾಣುತ್ತಿದ್ದರೆ ಆಗಲೇ ಅನುಮಾನ ಬರಬೇಕು.

ಈ ಅಂಕಿಗಳ ಪದ್ಧತಿ ಬಂದದ್ದು 1988ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಬರೆದ ಪ್ರಬಂಧದ ವಾದ ಇದು: ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ. ಹಾಗೆ ಹೇಳಿದವರೇ ಅದರ ಅಪಾಯವನ್ನೂ ಲೆಕ್ಕ ಹಾಕಿದ್ದರು. ಸರಾಸರಿ 30,000 ಗಂಟೆ ಬಾಳುವ ನೂರು ಡಿಸ್ಕುಗಳನ್ನು ಒಟ್ಟಿಗೆ ಇಟ್ಟರೆ, ಅವುಗಳಲ್ಲಿ ಯಾವುದಾದರೊಂದು 300 ಗಂಟೆಗೊಮ್ಮೆ, ಅಂದರೆ ಎರಡು ವಾರದೊಳಗೆ, ಕೈಕೊಡುತ್ತದೆ. ಅದಕ್ಕೇ ನಕಲು ಬೇಕು. ನಕಲಿನ ಮೊದಲ, ಎಲ್ಲಕ್ಕಿಂತ ಹಳೆಯ ದಾರಿ ಮಿರರ್. ಅವರಿಗಿಂತ ಹತ್ತು ವರ್ಷ ಮುಂಚೆಯೇ ಟ್ಯಾಂಡೆಮ್ ಕಂಪನಿ ಬ್ಯಾಂಕುಗಳಿಗೆ ಮಾರುತ್ತಿದ್ದ ಯಂತ್ರಗಳಲ್ಲಿ ಅದು ಇತ್ತು.

ಇನ್ನು, ಒಂದು ಡಿಸ್ಕ್ ಹೋದರೆ ಇನ್ನೊಂದು ಒಂಟಿಯಾಗಿ ನಡೆದೀತೇ ಎಂಬ ಪರೀಕ್ಷೆಯ ಮಾತು. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆಯ ಕುಮಾರಪಟ್ಟಣ, ವಿಸ್ಕೋಸ್ ನಾರು ತಯಾರಿಸುವ ದೊಡ್ಡ ಕಾರ್ಖಾನೆಯ ಊರು. ವಿಸ್ಕೋಸ್‌ಗೆ ಕಾರ್ಬನ್ ಡೈಸಲ್ಫೈಡ್ ಬೇಕು. ಅದು ವಿಷವೂ ಹೌದು, ತಟ್ಟನೆ ಹೊತ್ತಿಕೊಳ್ಳುವ ದ್ರವವೂ ಹೌದು. ಭೋಪಾಲ್ ದುರಂತದ ನಂತರ ಬಂದ 1989ರ ನಿಯಮಗಳ ಪ್ರಕಾರ, ನಿಗದಿಗಿಂತ ಹೆಚ್ಚು ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡ ಕಾರ್ಖಾನೆ ತುರ್ತು ಯೋಜನೆಯನ್ನು ಬರೆದಿಟ್ಟರೆ ಸಾಲದು, ಆರು ತಿಂಗಳಿಗೊಮ್ಮೆ ಆವರಣದೊಳಗೆ ಅಣಕು ಕಾರ್ಯಾಚರಣೆ ನಡೆಸಬೇಕು. ಸೋರಿಕೆ ಆಗಿಲ್ಲ, ಆದರೂ ಆಗಿದೆ ಎಂದುಕೊಂಡು ಓಡಬೇಕು. ಯಾವ ಬಾಗಿಲಿಗೆ ಬೀಗ ಬಿದ್ದಿದೆ, ಯಾವ ಸೈರನ್ ಕೂಗುವುದಿಲ್ಲ ಎನ್ನುವುದು ಕಡತದಲ್ಲಿ ಸಿಗುವ ಮಾಹಿತಿಯಲ್ಲ. ಡಿಸ್ಕಿಗೆ ಅಂಥ ನಿಯಮ ಯಾರೂ ಮಾಡಿಲ್ಲ, ನಾವೇ ಮಾಡಿಕೊಳ್ಳಬೇಕು.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಆಡಿಟರ್ ಕಚೇರಿ ಎಂದಿಟ್ಟುಕೊಳ್ಳಿ, ಹರಿಹರದಲ್ಲಿ ಅದರದೇ ಸಣ್ಣ ಶಾಖೆ. ಮೂಲೆಯಲ್ಲಿ ಲಿನಕ್ಸ್ ಸರ್ವರ್, ಒಳಗೆ ಎರಡು ಡಿಸ್ಕಿನ ಮಿರರ್, ಅದರ ಮೇಲೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ನೂರಾರು ಕಕ್ಷಿದಾರರ ಫೋಲ್ಡರುಗಳು. (ಸರ್ವರ್ ಬದಲು ಎರಡು ಖಾನೆಯ ಸಿನಾಲಜಿ ಅಥವಾ ಕ್ಯೂನ್ಯಾಪ್ ಪೆಟ್ಟಿಗೆ ಇದ್ದರೂ ಒಳಗೆ ನಡೆಯುವುದು ಇದೇ ಲಿನಕ್ಸ್ ಕೆಲಸ.) ಪರೀಕ್ಷೆಗೆ ಹೊತ್ತು ಯಾವುದು? ಎಲ್ಲರೂ ಹೇಳುವುದು ಭಾನುವಾರ ರಾತ್ರಿ. ನಾನು ಹೇಳುವುದು ಕೆಲಸದ ದಿನದ ಮಧ್ಯಾಹ್ನ. ಎಡವಟ್ಟಾದರೆ ಅಂಗಡಿ ತೆರೆದಿರುತ್ತದೆ, ಬಲ್ಲವರು ಫೋನ್ ಎತ್ತುತ್ತಾರೆ. ತನ್ನ ಸರ್ವರುಗಳನ್ನು ತಾನೇ ಕಂಡಕಂಡಲ್ಲಿ ಕೊಲ್ಲುವ ‘ಕೇಯಾಸ್ ಮಂಕಿ’ ಎಂಬ ತಂತ್ರಾಂಶ ಕಟ್ಟಿದ ನೆಟ್‌ಫ್ಲಿಕ್ಸ್ ಕೂಡ ಅದನ್ನು ಬಿಡುತ್ತಿದ್ದದ್ದು ಕಚೇರಿ ವೇಳೆಯಲ್ಲೇ.

ಮೊದಲ ಕೆಲಸ ಡಿಸ್ಕಿನದ್ದಲ್ಲ. ಇಡೀ ಮಾಹಿತಿಯ ಒಂದು ಪ್ರತಿ ಹೊರಗಿನ ಡಿಸ್ಕಿಗೆ ಹೋಗಿ, ಆ ಡಿಸ್ಕ್ ಸರ್ವರಿನಿಂದ ಕಳಚಿ ಬೀರು ಸೇರಬೇಕು. ಪರೀಕ್ಷೆಯೇ ದುರಂತವಾದ ಉದಾಹರಣೆಗಳು ಈ ವೃತ್ತಿಯಲ್ಲಿ ಬೇಕಾದಷ್ಟಿವೆ.

ಆಮೇಲೆ ಸುಳ್ಳು ಸಾವು. ಲಿನಕ್ಸಿನ ‘ಎಂಡಿಆ್ಯಡಮ್’ ಎಂಬ ಉಪಕರಣಕ್ಕೆ, ಇಂಥ ಡಿಸ್ಕ್ ಕೆಟ್ಟಿದೆ ಎಂದು ಭಾವಿಸು ಎಂಬ ಆಜ್ಞೆ ಕೊಡಬಹುದು. ಡಿಸ್ಕಿಗೆ ಏನೂ ಆಗಿರುವುದಿಲ್ಲ, ಆದರೂ ಮಿರರ್ ಅದನ್ನು ಮುಟ್ಟುವುದನ್ನು ಬಿಡುತ್ತದೆ. ಸ್ಥಿತಿ ತೋರಿಸುವ ಕಡತದಲ್ಲಿ ಚೌಕ ಕಂಸದೊಳಗೆ ‘ಯುಯು’ ಎಂದು ಇದ್ದದ್ದು ‘ಯು_’ ಆಗುತ್ತದೆ. ಕಾಣುವ ಬದಲಾವಣೆ ಅಷ್ಟೇ. ಟ್ಯಾಲಿ ನಡೆಯುತ್ತಲೇ ಇರುತ್ತದೆ, ಪ್ರಿಂಟರ್ ಓಡುತ್ತಲೇ ಇರುತ್ತದೆ, ಕಚೇರಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಮಿರರಿನ ಗುಣವೂ ಅದೇ, ದೋಷವೂ ಅದೇ. ಒಂದು ಡಿಸ್ಕ್ ಸತ್ತದ್ದು ಗೊತ್ತಾಗದ ಹಾಗೆ ಕೆಲಸ ಸಾಗುತ್ತದೆ. ಹಾಗಾಗಿ ಗೊತ್ತಾಗುವುದೇ ಇಲ್ಲ. ಆಜ್ಞೆ ಕೊಟ್ಟವರು ಸುಮ್ಮನೆ ಕೂತು ಕಾಯಬೇಕು: ಯಾರಿಗೆ ಯಾವ ಸೂಚನೆ ಬಂತು? ಮಿರರಿನ ಕಾವಲು ತಂತ್ರಾಂಶ ಈಮೇಲ್ ಕಳಿಸಬಲ್ಲದು, ಆದರೆ ಬೇರೆ ವಿಳಾಸ ಕೊಡದಿದ್ದರೆ ಅದು ಹೋಗುವುದು ಸರ್ವರಿನ ಒಳಗಿನದೇ ಪೆಟ್ಟಿಗೆಗೆ. ಆ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ. ಕೂಗುವ ಬಜರ್ ಇರುವ ಯಂತ್ರಗಳ ಪಾಡು ಬೇರೆ. ‘ಯಾಕೋ ಕಿರಿಕಿರಿ’ ಎಂದು ಅದರ ಬಾಯಿ ಮುಚ್ಚಿಸಿರುತ್ತಾರೆ. ಸಂಜೆಯವರೆಗೂ ಯಾರ ಫೋನಿಗೂ ಏನೂ ಬರಲಿಲ್ಲವೆಂದರೆ ಪರೀಕ್ಷೆಯ ಮುಖ್ಯ ಫಲ ಸಿಕ್ಕಿತೆಂದೇ ಲೆಕ್ಕ. ಎರಡು ಡಿಸ್ಕಿನ ರಕ್ಷಣೆ ಇದೆ ಎಂದುಕೊಂಡು ತಿಂಗಳುಗಟ್ಟಲೆ ಒಂದೇ ಡಿಸ್ಕಿನ ಮೇಲೆ ನಡೆಯುವ ಕಚೇರಿಗಳು ಹುಟ್ಟುವುದು ಹೀಗೆ.

ಮುಂದಿನದು ಡಿಸ್ಕನ್ನು ಹೊರತೆಗೆಯುವುದು. ‘ಸರ್, ಯಾವ್ದು ಎಳೀಲಿ? ಮೇಲಿಂದಾ ಕೆಳಗಿಂದಾ?’ ಎಂದು ಹುಡುಗ ಕೇಳಿದರೆ ಉತ್ತರ ಗೊತ್ತಿರಬೇಕು. ಕಂಪ್ಯೂಟರ್ ಕೊಡುವ ‘ಎ’, ‘ಬಿ’ ಎಂಬ ಹೆಸರುಗಳು ಮುಂದಿನ ಸಲ ಶುರುವಾದಾಗ ಅದಲುಬದಲಾಗಬಹುದು, ಕೇಬಲ್ ಸಿಕ್ಕಿಸಿದ ಕ್ರಮಕ್ಕೂ ಅವಕ್ಕೂ ಖಚಿತ ನಂಟಿಲ್ಲ. ಬದಲಾಗದ್ದು ಡಿಸ್ಕಿನ ಮೈಮೇಲೆ ಅಚ್ಚಾದ ಸೀರಿಯಲ್ ನಂಬರ್ ಒಂದೇ. ಅದರ ಕೊನೆಯ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಹೊರಗೆ ಕಾಣುವಂತೆ ಅಂಟಿಸಿದರೆ ಸಾಕು. ಕೆಟ್ಟದ್ದನ್ನು ಬಿಟ್ಟು ಗಟ್ಟಿಯಾಗಿದ್ದ ಡಿಸ್ಕನ್ನೇ ಎಳೆದು ಕೆಲಸ ಕೆಡಿಸಿಕೊಳ್ಳುವುದು ಮಿರರಿನ ಇತಿಹಾಸದಷ್ಟೇ ಹಳೆಯ ತಪ್ಪು.

ಈಗ ಮರಳಿ ಜೋಡಿಸುವುದು. ಇಲ್ಲಿ ಒಂದು ಮೋಸ ಇದೆ, ಹೆಚ್ಚಿನವರು ಗಮನಿಸದ ಮೋಸ. ತೆಗೆದ ಡಿಸ್ಕನ್ನೇ ಮರಳಿ ಸೇರಿಸಿದರೆ ಕೆಲವೊಮ್ಮೆ ಕಣ್ಣು ಮಿಟುಕಿಸುವುದರಲ್ಲಿ ‘ಯುಯು’ ಬಂದುಬಿಡುತ್ತದೆ. ನೋಡಿದವರಿಗೆ ಖುಷಿ. ಆದರೆ ನಡೆದದ್ದು ಬೇರೆ. ಯಾವ ಯಾವ ಭಾಗದಲ್ಲಿ ಬರವಣಿಗೆ ಆಗಿದೆ ಎಂದು ಗುರುತಿಟ್ಟುಕೊಳ್ಳುವ ‘ಬಿಟ್‌ಮ್ಯಾಪ್’ ಎಂಬ ನಕ್ಷೆ ಮಿರರಿನಲ್ಲಿ ಇರಬಹುದು. ಡಿಸ್ಕ್ ಹೊರಗಿದ್ದ ಹತ್ತು ನಿಮಿಷದಲ್ಲಿ ಬದಲಾದ ತುಣುಕುಗಳನ್ನಷ್ಟೇ ಅದು ನಕಲು ಮಾಡಿತು. ನಿಜವಾದ ಸಾವಿನಲ್ಲಿ ಬರುವುದು ಹೊಚ್ಚ ಹೊಸ ಖಾಲಿ ಡಿಸ್ಕ್, ಅದಕ್ಕೆ ಮೊದಲ ಅಂಚಿನಿಂದ ಕೊನೆಯ ಅಂಚಿನವರೆಗೆ ಎಲ್ಲವೂ ನಕಲಾಗಬೇಕು. ಕಾಲು ಭಾಗವಷ್ಟೇ ತುಂಬಿದ್ದರೂ ಪೂರ್ತಿ. ಏಕೆಂದರೆ ಲಿನಕ್ಸಿನ ಈ ಮಿರರಿಗೆ ಕಡತ ಎಂದರೇನೆಂದು ಗೊತ್ತಿಲ್ಲ, ಅದಕ್ಕೆ ಕಾಣುವುದು ಅಂಕಿ ಹಾಕಿದ ಕೋಶಗಳು ಮಾತ್ರ. (ಝಡ್‌ಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆ ತುಂಬಿದ ಭಾಗವನ್ನಷ್ಟೇ ನಕಲಿಸುತ್ತದೆ.) ಆದ್ದರಿಂದ ಪರೀಕ್ಷೆಗೆ ಬೇರೆಯದೇ ಖಾಲಿ ಡಿಸ್ಕ್ ಬೇಕು, ಇಲ್ಲವೇ ತೆಗೆದದ್ದರ ಹಳೇ ಗುರುತನ್ನು ಪೂರಾ ಅಳಿಸಿ ಕೊಡಬೇಕು.

ಸೆಕೆಂಡಿಗೆ 150 ಎಂಬಿ ವೇಗ ಎಂದು ಹಿಡಿದರೆ ಒಂದು ಟಿಬಿಗೆ 1 ಗಂಟೆ 51 ನಿಮಿಷ, ನಾಲ್ಕು ಟಿಬಿಗೆ 7 ಗಂಟೆ 24 ನಿಮಿಷ. ಇದು ಕಾಗದದ ಲೆಕ್ಕ. ತಿರುಗುವ ಡಿಸ್ಕಿನಲ್ಲಿ ಹೊರ ಅಂಚಿನ ವೇಗ ಒಳಗೆ ಹೋದಂತೆ ಇಳಿಯುತ್ತದೆ. ಜೊತೆಗೆ ಕಚೇರಿಯವರು ಟ್ಯಾಲಿ ಬಳಸುತ್ತಿದ್ದರೆ ನಕಲು ಅವರಿಗೆ ದಾರಿ ಬಿಟ್ಟುಕೊಡುತ್ತಾ ಇನ್ನೂ ನಿಧಾನವಾಗುತ್ತದೆ. ಪರದೆಯಲ್ಲಿ ಶೇಕಡಾ ಏರುವುದನ್ನು ನೋಡುತ್ತಾ ಕೂರಬೇಕಿಲ್ಲ, ಎದ್ದು ಬೆಣ್ಣೆದೋಸೆ ತಿಂದು ಬರಬಹುದು. ಆದರೆ ಇಷ್ಟೂ ಹೊತ್ತು ಉಳಿದಿರುವುದು ಒಂದೇ ಡಿಸ್ಕ್ ಎಂಬುದು ನೆನಪಿರಬೇಕು, ಅದೂ ಜೀವಮಾನದಲ್ಲೇ ಅತಿ ಹೆಚ್ಚು ದುಡಿಯುತ್ತಿರುವ ಹೊತ್ತು. ಸಾಮಾನ್ಯ ಡಿಸ್ಕುಗಳ ಬಗ್ಗೆ ತಯಾರಕರು ಬರೆಯುವ ಭರವಸೆ, ಒಂದರ ಮುಂದೆ 14 ಸೊನ್ನೆಯಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಕಡೆ ಓದಲಾಗದೆ ಹೋಗಬಹುದು ಎಂಬುದು. ಅದು 12.5 ಟಿಬಿ. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೂ ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಓದಲಾಗದ ಕೋಶ ಒಂದಿದ್ದರೆ ಅದು ಹೊರಬೀಳುವುದು ಸರಿಯಾಗಿ ಈ ನಕಲಿನ ನಡುವೆ, ಸರಿಪಡಿಸಲು ಜೋಡಿ ಇಲ್ಲದ ಹೊತ್ತಿನಲ್ಲಿ. ಡೆಬಿಯನ್ ಲಿನಕ್ಸ್ ಪ್ರತಿ ತಿಂಗಳ ಮೊದಲ ಭಾನುವಾರ ನಡುರಾತ್ರಿಯ ಮೇಲೆ ಎರಡೂ ಡಿಸ್ಕುಗಳನ್ನು ಪೂರ್ತಿ ಓದಿ ತಾಳೆ ನೋಡುವುದು ಇದೇ ಕಾರಣಕ್ಕೆ. ರಾತ್ರಿ ಬೀಗ ಹಾಕುವಾಗ ಕರೆಂಟಿನ ಮೇನ್ ಆರಿಸಿ ಹೋಗುವ ಕಚೇರಿಯಲ್ಲಿ ಈ ತಾಳೆ ನಡೆಯುವುದೇ ಇಲ್ಲ.

ಹೊಸ ಡಿಸ್ಕನ್ನು ಮಿರರ್ ಒಪ್ಪದೆಯೂ ಹೋಗಬಹುದು. ಪೆಟ್ಟಿಗೆಯ ಮೇಲೆ ಅದೇ ‘2 ಟಿಬಿ’, ಆದರೆ ಬೇರೆ ಕಂಪನಿಯದ್ದು, ಕೆಲವೇ ಕೋಶ ಕಡಿಮೆ, ಚಿಕ್ಕದು ಎಂದು ತಿರಸ್ಕರಿಸುತ್ತದೆ. ಮೊದಲು ಮಿರರ್ ಕಟ್ಟುವಾಗಲೇ ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದರೆ ಈ ತಲೆನೋವಿಲ್ಲ. ಬಿಡಿ ಡಿಸ್ಕನ್ನು ಮೊದಲೇ ಕೊಂಡು ಕಪಾಟಿನಲ್ಲಿಡುವುದೂ ಜಾಣತನ. ಸರಿಹೊಂದುವ ಡಿಸ್ಕ್ ಊರಲ್ಲಿ ಸಿಗದೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಸ್ಸಿಗೆ ಹಾಕಿಸಿಕೊಂಡರೆ, ಆ ಒಂದು ದಿನವೂ ಒಂಟಿ ಡಿಸ್ಕಿನ ಮೇಲೆ ಹೋಗುತ್ತದೆ.

ಆಜ್ಞೆ ಕೊಟ್ಟು ಸಾಯಿಸುವುದು ಬಲು ಸೌಮ್ಯವಾದ ಸಾವು. ನಿಜದ ಡಿಸ್ಕ್ ಹಾಗೆ ಸಾಯುವುದು ಅಪರೂಪ. ಒಂದು ಕೋಶ ಓದಲು ಮತ್ತೆ ಮತ್ತೆ ಯತ್ನಿಸುತ್ತಾ, ಇಡೀ ಕಚೇರಿಯನ್ನು ಅರ್ಧ ಅರ್ಧ ನಿಮಿಷ ತಡೆದು ನಿಲ್ಲಿಸುತ್ತಾ, ನರಳಿ ನರಳಿ ಹೋಗುತ್ತದೆ. ‘ಇವತ್ತು ಯಾಕೋ ಸಿಸ್ಟಮ್ ಸ್ಲೋ’ ಎಂದು ಎಲ್ಲರೂ ವೈರಸ್ಸನ್ನು ಬೈಯುವ ದಿನ ಅದು. ಹಾಗಾಗಿ ಪರೀಕ್ಷೆಯ ಎರಡನೇ ಸುತ್ತು ಗಟ್ಟಿಯಾಗಿರಬೇಕು: ಸರ್ವರ್ ಆರಿಸಿ, ಮೊದಲ ಡಿಸ್ಕಿನ ಕೇಬಲ್ ಕಿತ್ತು, ಎರಡನೆಯದೊಂದರಿಂದಲೇ ಶುರುಮಾಡುವುದು. ಇಲ್ಲಿ ಬಿದ್ದುಹೋಗುವ ಮಿರರುಗಳು ಕಡಿಮೆಯಲ್ಲ. ಮಾಹಿತಿ ಎರಡರಲ್ಲೂ ಇದೆ, ಸರಿ. ಆದರೆ ಯಂತ್ರವನ್ನು ಎಬ್ಬಿಸುವ ಪುಟ್ಟ ತಂತ್ರಾಂಶ, ಬೂಟ್ ಲೋಡರ್, ಇರುವ ಜಾಗ ಮಿರರಿನ ಹೊರಗೆ. ಸರ್ವರ್ ಕಟ್ಟಿದವರು ಅದನ್ನು ಮೊದಲ ಡಿಸ್ಕಿಗಷ್ಟೇ ಹಾಕಿರುತ್ತಾರೆ. ಪರದೆ ಕಪ್ಪಗೆ ಕೂತಿರುತ್ತದೆ. ಒಳಗೆ ಅಷ್ಟೂ ಲೆಕ್ಕ ಸುರಕ್ಷಿತವಾಗಿದ್ದು, ಬಾಗಿಲು ಮಾತ್ರ ತೆರೆಯುವುದಿಲ್ಲ. ಪರೀಕ್ಷೆಯ ದಿನ ಇದು ಇಪ್ಪತ್ತು ನಿಮಿಷದ ಕೆಲಸ, ಟ್ಯಾಕ್ಸ್ ಆಡಿಟ್ ಗಡುವಿನ ಸೆಪ್ಟೆಂಬರ್ 30ರಂದು ಹಾಗಲ್ಲ.

ಆದರೆ ಉತ್ಸಾಹದಲ್ಲಿ ಒಂದು ಕೆಲಸ ಮಾಡಬಾರದು. ಎರಡನೇ ಡಿಸ್ಕಿನ ಮೇಲೆ ಒಂದು ಗಂಟೆ ನಡೆಸಿ, ಆಮೇಲೆ ಅದನ್ನು ಕಿತ್ತು ಮೊದಲನೆಯದರ ಮೇಲೆ ಇನ್ನೊಂದು ಗಂಟೆ ನಡೆಸುವುದು. ಪ್ರತಿ ಡಿಸ್ಕೂ ಘಟನೆಗಳ ಎಣಿಕೆಯೊಂದನ್ನು ಇಟ್ಟುಕೊಂಡಿರುತ್ತದೆ, ಹಿಂದೆ ಬಿದ್ದದ್ದು ಯಾವುದು ಎಂದು ಮಿರರ್ ತಿಳಿಯುವುದು ಅದರಿಂದ. ಎರಡೂ ಬೇರೆ ಬೇರೆಯಾಗಿ ಮುಂದೆ ಹೋದರೆ ಎರಡರ ಲೆಕ್ಕವೂ ಹೊಸದೇ, ಎರಡೂ ಬೇರೆಯೇ. ಅವನ್ನು ಕೂಡಿಸುವ ಆಜ್ಞೆ ಯಾವುದೂ ಇಲ್ಲ, ಒಂದರ ಒಂದು ಗಂಟೆಯ ಕೆಲಸ ಬಿಟ್ಟುಕೊಡಲೇಬೇಕು. ಒಂದು ಸುತ್ತು ಮುಗಿದು, ನಕಲು ಪೂರ್ತಿಯಾಗಿ, ‘ಯುಯು’ ಕಂಡ ಮೇಲಷ್ಟೇ ಮತ್ತೊಂದು ಸುತ್ತು.

ದಾವಣಗೆರೆಯ ಬೇಸಿಗೆಯೇ ಡಿಸ್ಕುಗಳನ್ನು ತಿನ್ನುತ್ತದೆ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ಗೂಗಲ್ ಕಂಪನಿಯ ಮೂವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಜಾತಕ ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಗೂ ಸಾವಿಗೂ ಎಲ್ಲರೂ ನಂಬಿದ್ದಷ್ಟು ಸಂಬಂಧ ಕಾಣಲಿಲ್ಲ. ಅದಕ್ಕಿಂತ ಕಸಿವಿಸಿ ಮಾಡುವ ಅಂಶ ಇನ್ನೊಂದು: ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ‘ಸ್ಮಾರ್ಟ್’ ಎಂಬ ಸ್ವಯಂ ತಪಾಸಣೆಯ ನಾಲ್ಕು ಮುಖ್ಯ ಸೂಚಕಗಳಲ್ಲಿ ಏನನ್ನೂ ತೋರಿಸದೆ ಹೋಗಿದ್ದವು. ಎಚ್ಚರಿಕೆ ಬಂದಾಗ ನೋಡೋಣ ಎಂಬುದು ನಡೆಯದು. ನಾನಾದರೆ ಬಿಸಿಲಿಗಿಂತ ಹೆಚ್ಚು ಹೆದರುವುದು, ಒಂದೇ ದಿನ ಒಂದೇ ಅಂಗಡಿಯಿಂದ ತಂದ ಒಂದೇ ತಯಾರಿಕೆಯ ಎರಡು ಡಿಸ್ಕಿಗೆ. ಎಸ್‌ಎಸ್‌ಡಿಯಲ್ಲಿ ಇದು ಇನ್ನೂ ತೀಕ್ಷ್ಣ. ಅವು ಸವೆಯುವುದು ಬರವಣಿಗೆಯಿಂದ, ಮಿರರ್ ಎರಡಕ್ಕೂ ಸರಿಸಮವಾಗಿ ಬರೆಸುತ್ತದೆ. ಒಂದನ್ನು ಆರು ತಿಂಗಳು ಬಿಟ್ಟು ಬದಲಿಸಿದರೆ ವಯಸ್ಸು ಬೇರೆಯಾಗುತ್ತದೆ.

ಇಷ್ಟೆಲ್ಲ ಗೆದ್ದ ಮಿರರೂ ತಡೆಯಲಾಗದ್ದು ಒಂದಿದೆ: ನಮ್ಮದೇ ಕೈ. ಕಕ್ಷಿದಾರರ ಫೋಲ್ಡರನ್ನು ಯಾರೋ ತಪ್ಪಿ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಅದೇ ಕ್ಷಣದಲ್ಲಿ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ ಬಂದು ಬೀಗ ಹಾಕಿದರೆ ಎರಡಕ್ಕೂ ಹಾಕುತ್ತದೆ, ಮಿರರ್ ನಿಷ್ಠೆಯಿಂದ ನಕಲು ಮಾಡಿಕೊಡುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರರೊಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಮತ್ತು ನಕಲಿನ ಐದು ಏರ್ಪಾಡುಗಳಲ್ಲಿ ಯಾವುದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡಿತು. ಉಳಿಸಿದ್ದು ಆರು ಗಂಟೆ ಮುಂಚೆ ಬೇರೇನೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ. ನಮ್ಮಲ್ಲಿ ಕಂಪನಿಗಳ ಮಟ್ಟಿಗೆ ಬೇರೆ ಪ್ರತಿ ಇಡುವುದು ಕಾನೂನೂ ಹೌದು: 2022ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ ಲೆಕ್ಕಪುಸ್ತಕದ ಬ್ಯಾಕಪ್ ದಿನಾಲೂ, ಭಾರತದೊಳಗಿನ ಸರ್ವರಿನಲ್ಲಿ ಆಗಬೇಕು.

ನಮ್ಮ ಆಡಿಟರ್ ಕಚೇರಿಯ ಬ್ಯಾಕಪ್ ಪ್ರತಿಗೆ ಹರಿಹರದ ಶಾಖೆ ಒಳ್ಳೆಯ ಜಾಗ. ಹದಿನಾಲ್ಕು ಕಿಲೋಮೀಟರ್ ದೂರ ಇದ್ದರೆ ಒಂದು ಕಚೇರಿಯ ಬೆಂಕಿ, ಕಳ್ಳತನ, ಶಾರ್ಟ್ ಸರ್ಕ್ಯೂಟ್ ಇನ್ನೊಂದಕ್ಕೆ ತಟ್ಟದು. ನದಿ ಪಕ್ಕದ ಊರು, ಮಳೆಗಾಲದಲ್ಲಿ ತುಂಗಭದ್ರೆ ತುಂಬಿದರೆ ತಗ್ಗಿನ ಬಡಾವಣೆಗೆ ನೀರು ನುಗ್ಗುತ್ತದೆ, ಆದ್ದರಿಂದ ಡಿಸ್ಕ್ ಇರಬೇಕಾದ್ದು ಮೇಲಿನ ಮಹಡಿಯಲ್ಲಿ. ಆ ಪ್ರತಿಗೂ ಅಣಕು ಕಾರ್ಯಾಚರಣೆ ಬೇಕು. ದಾವಣಗೆರೆಯ ಸರ್ವರ್ ಇಲ್ಲವೇ ಇಲ್ಲ ಎಂದುಕೊಂಡು, ಹರಿಹರದ ಪ್ರತಿಯನ್ನು ಬೇರೊಂದು ಖಾಲಿ ಕಂಪ್ಯೂಟರಿಗೆ ಇಳಿಸಿ, ಒಬ್ಬ ಕಕ್ಷಿದಾರರ ಕಂಪನಿಯನ್ನು ಟ್ಯಾಲಿಯಲ್ಲಿ ತೆರೆಯಬೇಕು. ಕಳೆದ ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ ತೆಗೆದು, ಸಹಿಯಾಗಿ ಫೈಲಿನಲ್ಲಿರುವ ಕಾಗದದ ಜೊತೆ ಪೈಸೆಗೆ ಪೈಸೆ ತಾಳೆ ನೋಡಬೇಕು. ದಿನ ಯಾವುದೆಂದು ಗೊಂದಲವಿದ್ದರೆ ಜನವರಿಯ ಎರಡನೇ ವಾರ ಇರಲಿ: ಡಿಸೆಂಬರ್ 31ರ ವಾರ್ಷಿಕ ರಿಟರ್ನ್ ಹೋಗಿರುತ್ತದೆ, ಮಾರ್ಚ್ ಇನ್ನೂ ದೂರ, ಹುಡುಗನಿಗೂ ಬಿಡುವಿರುತ್ತದೆ.